ಒಂದು ನೀರಿನ ಜಗಳ

ಹಿಜರಿ 5 ಅಥವಾ 6ರ ಮಾತು. ಬನೂ ಮುಸ್ತಲಿಕ್ ಗೋತ್ರದ ವಿರುದ್ಧದ ಕಾರ್ಯಾಚರಣೆ ಮುಗಿಸಿದ ಮುಸ್ಲಿಮ್ ಸೈನ್ಯವು ಮುರೈಸೀ ಎಂಬ ನೀರಿನ ತಾಣದ ಬಳಿ ತಂಗಿತ್ತು. ನೀರಿಗಾಗಿ ನೂಕುನುಗ್ಗಲಾಯಿತು. ಉಮರ್(ರ)ರ ಕುದುರೆಯನ್ನು ನೋಡಿಕೊಳ್ಳುತ್ತಿದ್ದ ಜಹ್‌ಜಾಹ್ ಎಂಬವರಿಗೂ ಸಿನಾನ್ ಎಂಬವರಿಗೂ ಜಗಳ ಹತ್ತಿತು. ಒಬ್ಬರು ಇನ್ನೊಬ್ಬರಿಗೆ ಹೊಡೆದರು. ಏಟು ತಿಂದವರು ಅನ್ಸಾರರನ್ನು ಕೂಗಿ ಕರೆದರು. ಹೊಡೆದವರು ಮುಹಾಜಿರರನ್ನು ಕೂಗಿ ಕರೆದರು. ಇಷ್ಟೇ ನಡೆದದ್ದು. ಆದರೆ ಅಷ್ಟರಲ್ಲೇ ಎರಡೂ ಕಡೆಯ ಜನರು ಎದ್ದು ನಿಂತಿದ್ದರು.

ಪ್ರವಾದಿವರ್ಯರು(ಸ) ಧಾವಿಸಿ ಬಂದು, ಇದು ಅಜ್ಞಾನ ಕಾಲದ ಕೂಗು, ದುರ್ವಾಸನೆ ಬೀರುವಂಥದ್ದು, ಇದನ್ನು ಬಿಟ್ಟುಬಿಡಿ ಎಂಬರ್ಥದಲ್ಲಿ ತಡೆದರೆಂದು ಸಹೀಹ್ ಹದೀಸ್‌ಗಳಲ್ಲಿ ಬಂದಿದೆ. ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಮುಹಾಜಿರ್, ಅನ್ಸಾರ್ ಎಂಬ ಹೆಸರುಗಳು ಕೆಟ್ಟವಲ್ಲ. ಕುರ್‌ಆನ್ ಆ ಎರಡೂ ಸಮೂಹಗಳನ್ನು ಹೆಸರಿಸಿಯೇ ಪ್ರಶಂಸಿಸಿದೆ. ಮನೆಮಠ ಬಿಟ್ಟು ಬಂದವರ ತ್ಯಾಗವೂ, ಅವರಿಗೆ ಬಾಗಿಲು ತೆರೆದವರ ಔದಾರ್ಯವೂ ಆ ಹೆಸರುಗಳಲ್ಲಿವೆ. ಅಂತಹ ಹೆಸರುಗಳೂ ಜಗಳದಲ್ಲಿ ಜನ ಸೇರಿಸುವ ಕೂಗಾದಾಗ ನಾರತೊಡಗಿದವು. ಇನ್ನೊಂದು ವಿಷಯವೂ ಇದೆ. ಜಹ್‌ಜಾಹ್ ಕುರೈಶರಲ್ಲ, ಗಿಫಾರ್ ಗೋತ್ರದವರು. ಸಿನಾನ್ ಮದೀನಾದ ಖಝ್ರಜ್ ಗೋತ್ರದವರಲ್ಲ, ಅವರೊಂದಿಗೆ ಮೈತ್ರಿ ಹೊಂದಿದ್ದ ಜುಹೈನಾದವರು. ಯಾರ ಹೆಸರಿನಲ್ಲಿ ಕೂಗಿದರೋ ಅವರ ರಕ್ತ ಇಬ್ಬರಲ್ಲೂ ಇರಲಿಲ್ಲ.

ಹಲವು ವರ್ಷಗಳಿಂದ ಈ ಘಟನೆಯನ್ನು ನಾವು ಮದ್ರಸದ ಮಕ್ಕಳಿಗೆ ಪಾಠ ಮಾಡುತ್ತಾ ಬಂದಿದ್ದೇವೆ. ಮಕ್ಕಳು ಆಸಕ್ತಿಯಿಂದ ಕೇಳುತ್ತಾರೆ. ನಾವೂ ಉತ್ಸಾಹದಿಂದ ಹೇಳುತ್ತೇವೆ. ಆದರೆ ಅದನ್ನು ನಾವೇ ಸರಿಯಾಗಿ ಕಲಿತಿಲ್ಲವೆಂಬುದು ನಮಗೆ ಅರಿವಾದದ್ದು ಇತ್ತೀಚೆಗೆ, ಒಂದು ಚಲನಚಿತ್ರದ ಮುಂದೆ ಕುಳಿತಾಗ.

ಮದ್ರಸದ ಅಧ್ಯಾಪಕನಿಗೂ ಚಲನಚಿತ್ರಕ್ಕೂ ಏನು ಸಂಬಂಧವೆಂದು ಕೆಲವು ಓದುಗರು ಕೇಳಬಹುದು. ನಾವು ಚಿತ್ರರಸಿಕರಲ್ಲ. ಕಾನೂನು ಓದುತ್ತಿರುವ ನಮ್ಮ ಮಗ ರಜೆಗೆ ಬಂದಿದ್ದಾಗ ಲ್ಯಾಪ್‌ಟಾಪ್ ತೆರೆದಿಟ್ಟು, "ಅಬ್ಬಾ, ನೀವು ಮಕ್ಕಳಿಗೆ ಹೇಳುವ ಮುರೈಸೀಯ ಕಥೆ ಇದರಲ್ಲಿದೆ. ಒಮ್ಮೆ ನೋಡಿ" ಎಂದ. ಲೆಬನಾನಿನ ನಿರ್ದೇಶಕ ಝಿಯಾದ್ ದುವೈರಿ 2017ರಲ್ಲಿ ಮಾಡಿದ ಅರಬಿ ಚಿತ್ರವದು. ಹೊರಜಗತ್ತು ಅದನ್ನು 'ದಿ ಇನ್‌ಸಲ್ಟ್', ಅಂದರೆ 'ಅವಮಾನ' ಎಂಬ ಹೆಸರಿನಿಂದ ಬಲ್ಲದು. ಅರಬಿಯಲ್ಲಿ ಅದರ ಹೆಸರು 'ಪ್ರಕರಣ ಸಂಖ್ಯೆ 23'. ಆಸ್ಕರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ನಾಮನಿರ್ದೇಶನಗೊಂಡ ಮೊದಲ ಲೆಬನಾನಿ ಚಿತ್ರವೂ ಅದೇ. ಅದರಲ್ಲಿ ಬೈಗುಳಗಳಿವೆ, ಕದನದ ದೃಶ್ಯಗಳಿವೆ. ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವಂಥದ್ದಲ್ಲ. ಆದರೆ ಅದು ಎತ್ತುವ ಪ್ರಶ್ನೆ ನಮ್ಮ ಪ್ರತಿಯೊಂದು ಮನೆಯ ಹೊಸ್ತಿಲಿನದ್ದು.

ಕಥೆ ಇಷ್ಟು. ಬೈರೂತಿನ ಕ್ರೈಸ್ತರ ಬಡಾವಣೆಯೊಂದರಲ್ಲಿ ತೋನಿ ಎಂಬ ಗ್ಯಾರೇಜ್ ಮೆಕ್ಯಾನಿಕ್ ಇದ್ದಾನೆ. ಅವನ ಬಾಲ್ಕನಿಯಿಂದ ನೀರು ನೇರವಾಗಿ ಬೀದಿಗೆ ಸುರಿಯುತ್ತದೆ. ಕೆಳಗೆ ಬೀದಿಯ ದುರಸ್ತಿ ನಡೆದಿದೆ. ಕೆಲಸದ ಮೇಸ್ತ್ರಿ ಯಾಸಿರ್, ಫೆಲೆಸ್ತೀನಿ ನಿರಾಶ್ರಿತ. ಕೆಲಸದಲ್ಲಿ ಕಟ್ಟುನಿಟ್ಟು, ಮಾತು ಕಡಿಮೆ. ಅವನು ಆ ಬಾಲ್ಕನಿಗೆ ಹೊಸ ಪೈಪು ಹಾಕಿಸುತ್ತಾನೆ. ತೋನಿ ಅದನ್ನು ಒಡೆದು ಹಾಕುತ್ತಾನೆ. ಯಾಸಿರನ ಬಾಯಿಂದ ಒಂದು ಬೈಗುಳ ಬರುತ್ತದೆ. ತೋನಿ ಕ್ಷಮೆ ಕೇಳಬೇಕೆಂದು ಹಟ ಹಿಡಿಯುತ್ತಾನೆ. ಮಾಲೀಕನ ಒತ್ತಾಯಕ್ಕೆ ಯಾಸಿರ್ ಗ್ಯಾರೇಜಿನವರೆಗೂ ಬರುತ್ತಾನೆ. ಆದರೆ ಕ್ಷಮೆಯ ಮಾತು ಗಂಟಲಿನಿಂದ ಹೊರಡುವುದಿಲ್ಲ. ಆಗ ತೋನಿ, ಏರಿಯಲ್ ಶರೋನ್ ನಿಮ್ಮನ್ನೆಲ್ಲ ಅಳಿಸಿಹಾಕಬೇಕಿತ್ತು ಎಂದುಬಿಡುತ್ತಾನೆ. ಯಾಸಿರ್ ಗುದ್ದುತ್ತಾನೆ. ತೋನಿಯ ಎರಡು ಪಕ್ಕೆಲುಬುಗಳು ಮುರಿಯುತ್ತವೆ.

ಆ ಒಂದು ಹೆಸರಿನ ಭಾರವೇನೆಂದು ಇತಿಹಾಸ ಬಲ್ಲವರಿಗೆ ಹೇಳಬೇಕಿಲ್ಲ. 1982ರ ಸೆಪ್ಟೆಂಬರ್ 16ರಿಂದ 18ರವರೆಗೆ ಬೈರೂತಿನ ಸಬ್ರಾ ಮತ್ತು ಶತೀಲಾದಲ್ಲಿ ಕ್ರೈಸ್ತ ಫಲಾಂಜಿಸ್ಟ್ ಪಡೆಗಳು ನಿರಾಶ್ರಿತರ ಸಾಮೂಹಿಕ ಹತ್ಯೆ ನಡೆಸಿದವು. ಆ ಪ್ರದೇಶವನ್ನು ಸುತ್ತುವರಿದಿದ್ದದ್ದು ಇಸ್ರೇಲಿ ಸೈನ್ಯ. ಅಂದಿನ ಇಸ್ರೇಲಿ ರಕ್ಷಣಾ ಸಚಿವನೇ ಶರೋನ್. ಇಸ್ರೇಲಿನದೇ ವಿಚಾರಣಾ ಆಯೋಗವು 1983ರಲ್ಲಿ ಅವನ ಮೇಲೆ ವೈಯಕ್ತಿಕ ಹೊಣೆ ಹೊರಿಸಿತು. ತೋನಿ ಆಡಿದ್ದು ಒಂದೇ ವಾಕ್ಯ. ಆದರೆ ಆ ವಾಕ್ಯದೊಳಗೆ ಒಂದು ಸ್ಮಶಾನವಿತ್ತು.

ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. ಮೊದಲ ವಿಚಾರಣೆಯ ದೃಶ್ಯ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿದೆ. ಅವನು ನಿನಗೆ ಏನೆಂದ ಎಂದು ನ್ಯಾಯಾಧೀಶರು ಕೇಳುತ್ತಾರೆ. ಇಬ್ಬರೂ ಬಾಯಿ ಬಿಡುವುದಿಲ್ಲ. ಹೊಡೆದದ್ದನ್ನು ಒಪ್ಪಿಕೊಂಡ ಯಾಸಿರ್, ಯಾವ ಮಾತಿಗೆ ಹೊಡೆದೆನೆಂದು ಹೇಳಲೊಲ್ಲ. ಆಡಿದ ತೋನಿಗೂ ತನ್ನ ಮಾತನ್ನು ಮತ್ತೆ ಉಚ್ಚರಿಸುವ ಧೈರ್ಯವಿಲ್ಲ. ಕೋಪದಲ್ಲಿ ಸಲೀಸಾಗಿ ಹೊರಬಿದ್ದ ಮಾತು ನ್ಯಾಯದ ಕಟಕಟೆಯಲ್ಲಿ ನಾಲಿಗೆಗೆ ಕಲ್ಲಿನಂತೆ ಭಾರವಾಗುತ್ತದೆ. ನಾಳೆ ಅಲ್ಲಾಹನ ಸನ್ನಿಧಿಯಲ್ಲಿ ನಮ್ಮ ಮಾತುಗಳನ್ನು ನಮ್ಮೆದುರು ತೆರೆದಿಟ್ಟಾಗ ನಮ್ಮ ಸ್ಥಿತಿ ಏನಾದೀತೆಂದು ಯೋಚಿಸಿ ನಾವು ಅಲ್ಲಿಯೇ ಚಿತ್ರವನ್ನು ಕೊಂಚ ಹೊತ್ತು ನಿಲ್ಲಿಸಿದೆವು.

ದಾವೆ ವಜಾ ಆಗುತ್ತದೆ. ತೋನಿ ಮೇಲ್ಮನವಿ ಸಲ್ಲಿಸುತ್ತಾನೆ. ಈ ನಡುವೆ ಅವನ ತುಂಬು ಗರ್ಭಿಣಿ ಹೆಂಡತಿಗೆ ಅವಧಿಗೆ ಮುನ್ನ ಹೆರಿಗೆಯಾಗಿ ಹಸುಗೂಸು ಆಸ್ಪತ್ರೆಯಲ್ಲಿ ಜೀವಕ್ಕಾಗಿ ಸೆಣಸುತ್ತಿದೆ. ಈಗ ದೊಡ್ಡ ವಕೀಲರು ಬರುತ್ತಾರೆ. ತೋನಿಯ ಪರ ವಾದಿಸುವವನು ಹಿರಿಯ ವಕೀಲ, ಯಾಸಿರನ ಪರ ನಿಲ್ಲುವವಳು ಆ ವಕೀಲನ ಸ್ವಂತ ಮಗಳು. ಪತ್ರಿಕೆಗಳು ಬರುತ್ತವೆ, ದೂರದರ್ಶನ ಬರುತ್ತದೆ, ಬೀದಿಗಳಲ್ಲಿ ಜನ ಸೇರುತ್ತಾರೆ. ನ್ಯಾಯಾಲಯದ ಹೊರಗೆ ಒಂದು ಗುಂಪು ಒಬ್ಬನ ಹೆಸರು ಕೂಗುತ್ತದೆ, ಇನ್ನೊಂದು ಗುಂಪು ಇನ್ನೊಬ್ಬನ ಹೆಸರು ಕೂಗುತ್ತದೆ. ದೇಶದ ಅಧ್ಯಕ್ಷರೇ ಇಬ್ಬರನ್ನೂ ಕರೆಸಿ ರಾಜಿ ಮಾಡಿಸಲೆತ್ನಿಸಿ ಸೋಲುತ್ತಾರೆ. ಅಷ್ಟು ಹೊತ್ತಿಗೆ ಪೈಪಿನ ನೆನಪು ಯಾರಿಗೂ ಇರುವುದಿಲ್ಲ. ನಮ್ಮ ಮಗ ಹೇಳಿದ್ದು ನಿಜವಾಗಿತ್ತು. ಮುರೈಸೀಯ ಕೂಗೇ ಇದು.

ಒಂದು ಸಣ್ಣ ಕಿಡಿಗೆ ಇಡೀ ದೇಶ ಏಕೆ ಹೊತ್ತಿಕೊಳ್ಳುತ್ತದೆ? ಲೆಬನಾನಿನ ಅಂತರ್ಯುದ್ಧ 1975ರ ಏಪ್ರಿಲ್‌ನಲ್ಲಿ ಆರಂಭವಾಗಿ 1990ರವರೆಗೆ ನಡೆಯಿತು. ಸತ್ತವರ ಸಂಖ್ಯೆ ಸುಮಾರು ಒಂದೂವರೆ ಲಕ್ಷವೆಂದು ಅಂದಾಜು. ಯುದ್ಧ ಮುಗಿದ ಮೇಲೆ 1991ರಲ್ಲಿ ಸಾರ್ವತ್ರಿಕ ಕ್ಷಮಾದಾನದ ಕಾನೂನು ಬಂತು. ಯುದ್ಧಕಾಲದ ಹೆಚ್ಚಿನ ಅಪರಾಧಗಳು ವಿಚಾರಣೆಯಿಲ್ಲದೆ ಮುಚ್ಚಿಹೋದವು. ಕಾನೂನು ಕ್ಷಮಿಸಿತು. ಆದರೆ ನೊಂದವರನ್ನು ಯಾರೂ ಕೇಳಲಿಲ್ಲ. ತಪ್ಪು ಮಾಡಿದವನು ತಪ್ಪೆಂದು ಒಪ್ಪಲಿಲ್ಲ, ಕಳೆದುಕೊಂಡವನಿಗೆ ಕಳೆದುಕೊಂಡೆನೆಂದು ಹೇಳಲು ಸ್ಥಳವಿರಲಿಲ್ಲ. ಇನ್ನು ಫೆಲೆಸ್ತೀನಿ ನಿರಾಶ್ರಿತರು 1948ರಿಂದ ಅಲ್ಲಿದ್ದಾರೆ. ಇಂದಿಗೂ ಹಲವು ವೃತ್ತಿಗಳು ಅವರಿಗೆ ನಿಷಿದ್ಧ. 2001ರ ಕಾನೂನಿನ ನಂತರ ಒಂದು ತುಂಡು ಆಸ್ತಿಯನ್ನೂ ಅವರು ಕೊಳ್ಳುವಂತಿಲ್ಲ. ಎಂದೂ ಕೂಡದ ಆ ನ್ಯಾಯಾಲಯವೇ ಒಂದು ಪೈಪಿನ ನೆಪದಲ್ಲಿ ಈ ಚಿತ್ರದಲ್ಲಿ ಕೂಡುತ್ತದೆ.

ಇಲ್ಲಿಯವರೆಗೆ ಚಿತ್ರ ನಮಗೆ ಹಿತವಾಗಿತ್ತು ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ನಾವು ಯಾರ ಪಕ್ಷವೆಂಬುದು ನಮಗೆ ಗೊತ್ತಿತ್ತು. ಬಾಲ್ಯದಿಂದಲೂ ಪ್ರತಿ ಶುಕ್ರವಾರದ ದುಆಗಳಲ್ಲಿ ಫೆಲೆಸ್ತೀನಿಗಾಗಿ ಕೈಯೆತ್ತಿದವರು ನಾವು. ಹಾಗಿರುವಾಗ ನ್ಯಾಯಾಲಯದಲ್ಲಿ ಪರದೆಯೊಂದು ಬೆಳಗುತ್ತದೆ. ದಾಮೂರಿನ ದೃಶ್ಯಗಳು ಬರುತ್ತವೆ.

ದಾಮೂರ್ ಎಂಬುದು ಬೈರೂತಿನ ದಕ್ಷಿಣಕ್ಕಿರುವ ಕ್ರೈಸ್ತರ ಕರಾವಳಿ ಪಟ್ಟಣ. 1976ರ ಜನವರಿ 18ರಂದು ಬೈರೂತಿನ ಕರಂತೀನಾ ಎಂಬಲ್ಲಿ ಕ್ರೈಸ್ತ ಪಡೆಗಳು ಮುಸ್ಲಿಮರನ್ನೂ ನಿರಾಶ್ರಿತರನ್ನೂ ಕೊಂದವು. ಎರಡೇ ದಿನಗಳ ನಂತರ, ಜನವರಿ 20ರಂದು, ಫೆಲೆಸ್ತೀನಿ ಸಶಸ್ತ್ರ ಗುಂಪುಗಳೂ ಅವರ ಲೆಬನಾನಿ ಮಿತ್ರಪಡೆಗಳೂ ದಾಮೂರಿಗೆ ನುಗ್ಗಿದವು. ನಾಗರಿಕರನ್ನು ಕೊಂದರು, ಊರನ್ನು ಬರಿದು ಮಾಡಿದರು. ಬಾಲಕನಾಗಿ ಆ ಊರಿನಿಂದ ಓಡಿಬಂದು ಬದುಕುಳಿದವನೇ ತೋನಿ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಅವನ ವಕೀಲನು ಅದನ್ನು ಬಯಲಿಗೆಳೆದಾಗ ಅವನು ಆ ದೃಶ್ಯಗಳನ್ನು ನೋಡಲಾರದೆ ಎದ್ದು ಹೋಗುತ್ತಾನೆ. ಯಾಸಿರ್ ಮೌನವಾಗಿ ಪರದೆಯನ್ನು ನೋಡುತ್ತಾ ಕುಳಿತಿರುತ್ತಾನೆ.

ಚಿತ್ರದಲ್ಲಿಲ್ಲದ ಒಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಅದೇ 1976ರ ಆಗಸ್ಟ್‌ನಲ್ಲಿ ತಲ್ ಅಲ್-ಝಅ್ತರ್ ಎಂಬ ನಿರಾಶ್ರಿತರ ಶಿಬಿರವು ಕ್ರೈಸ್ತ ಪಡೆಗಳ ಮುತ್ತಿಗೆಗೆ ಸಿಲುಕಿ ನಾಶವಾಯಿತು. ಅಲ್ಲಿ ಬದುಕುಳಿದ ಫೆಲೆಸ್ತೀನಿ ಕುಟುಂಬಗಳನ್ನು ತಂದು ನೆಲೆಗೊಳಿಸಿದ್ದು ದಾಮೂರಿನ ಖಾಲಿ ಮನೆಗಳಲ್ಲಿ. ಮನೆ ಕಳೆದುಕೊಂಡವರು, ಮನೆ ಕಳೆದುಕೊಂಡ ಇನ್ನೊಬ್ಬರ ಮನೆಯಲ್ಲಿ ಒಲೆ ಹಚ್ಚಿದರು. ಇದರಲ್ಲಿ ಪೀಡಕನಾರು, ಪೀಡಿತನಾರು ಎಂದು ಒಂದೇ ಗೆರೆ ಎಳೆದು ಹೇಳಲು ಹೊರಟವನು ಮೊದಲು ಆ ಮನೆಗಳ ಗೋಡೆಗಳನ್ನು ಕೇಳಬೇಕು.

ನಾವು ಆ ದೃಶ್ಯದ ಮುಂದೆ ತಲೆ ತಗ್ಗಿಸಿದೆವು. ಫೆಲೆಸ್ತೀನಿನ ಮೇಲಿನ ನಮ್ಮ ಪ್ರೀತಿ ಕಡಿಮೆಯಾಗಲಿಲ್ಲ. ಅಲ್ಲಿಯ ಅನ್ಯಾಯ ಅನ್ಯಾಯವೇ. ಆದರೆ ನಮ್ಮವರಿಂದಾದ ಸಾವಿಗೆ ನಮ್ಮ ದುಆಗಳಲ್ಲಿ ಎಂದೂ ಸ್ಥಳವಿರಲಿಲ್ಲವೆಂಬುದು ಅರಿವಾಯಿತು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖಗೊಳಿಸದಿರಲಿ ಎಂಬ ಆಶಯದ ಆದೇಶವು ಸೂರಃ ಅಲ್-ಮಾಇದಃದಲ್ಲಿದೆ. ಅದನ್ನು ನಾವು ಅನೇಕ ಸಭೆಗಳಲ್ಲಿ ಇತರರಿಗೆ ಓದಿ ಹೇಳಿದ್ದೇವೆ. ಅದು ಮೊದಲು ಬಂದದ್ದು ನಮಗಾಗಿ.

ದುವೈರಿಯವರು ಈ ಚಿತ್ರಕಥೆಯನ್ನು ಜೋಯೆಲ್ ತೂಮಾ ಎಂಬ ಲೇಖಕಿಯೊಂದಿಗೆ ಬರೆದರು. ದುವೈರಿ ಸುನ್ನಿ ಮುಸ್ಲಿಮ್ ಕುಟುಂಬದವರು. ತೂಮಾ ಕ್ರೈಸ್ತ ಕುಟುಂಬದವರು. ಬರೆಯುವಾಗ ಅವರು ಪಕ್ಷಗಳನ್ನು ಅದಲುಬದಲು ಮಾಡಿಕೊಂಡರೆಂದು ನಿರ್ದೇಶಕರೇ ಹೇಳಿದ್ದಾರೆ. ಮುಸ್ಲಿಮ್ ಮನೆಯಲ್ಲಿ ಬೆಳೆದವರು ಕ್ರೈಸ್ತನ ಪರವಾದ ವಾದವನ್ನು ಬರೆದರು. ಕ್ರೈಸ್ತ ಮನೆಯಲ್ಲಿ ಬೆಳೆದವರು ಫೆಲೆಸ್ತೀನಿಯ ಪರವಾದ ವಾದವನ್ನು ಬರೆದರು. ನಮ್ಮ ಮನೆಗಳಲ್ಲಿ ಜಗಳವಾದಾಗ ಗಂಡನು ಹೆಂಡತಿಯ ಪರವಾಗಿ ಒಂದು ಪುಟ, ಅಣ್ಣನು ತಮ್ಮನ ಪರವಾಗಿ ಒಂದು ಪುಟ ಬರೆಯುವುದಾದರೆ ಎಷ್ಟು ಜಗಳಗಳು ಜಮಾಅತ್‌ನ ಮುಂದೆ ಬಂದಾವು? ಈ ಕಥೆಯ ಮೂಲವೂ ನಿರ್ದೇಶಕರ ಸ್ವಂತ ತಪ್ಪೇ. ನಲ್ಲಿ ರಿಪೇರಿಯವನೊಂದಿಗೆ ಜಗಳವಾಗಿ, ಚಿತ್ರದಲ್ಲಿರುವಂತಹದೇ ಮಾತು ತಮ್ಮ ಬಾಯಿಂದ ಬಂದಿತ್ತೆಂದು ಅವರು ಒಪ್ಪಿಕೊಂಡಿದ್ದಾರೆ.

ಇದನ್ನು ತಿಳಿದಾಗ ನಮ್ಮ ನಿದ್ದೆ ಹಾರಿತು. ಏಕೆಂದರೆ ಅಂತಹ ಒಂದು ಮಾತು ನಮ್ಮ ಬಾಯಿಂದಲೂ ಬಂದಿತ್ತು.

ಹೇಳಿಬಿಡುತ್ತೇವೆ. ಕಳೆದ ವರ್ಷ ನಮ್ಮ ಮದ್ರಸದ ವುಝೂ ಮಾಡುವ ಸ್ಥಳಕ್ಕೆ ಹೊಸ ಟೈಲ್ಸ್ ಹಾಕಿಸುತ್ತಿದ್ದೆವು. ಪಶ್ಚಿಮ ಬಂಗಾಳದಿಂದ ಬಂದ ಒಬ್ಬ ಮೇಸ್ತ್ರಿ ಕೆಲಸ ಮಾಡುತ್ತಿದ್ದರು. ಮೂವತ್ತರ ಆಸುಪಾಸಿನ ಮನುಷ್ಯ. ಐದು ಹೊತ್ತೂ ನಮ್ಮೊಂದಿಗೆ ನಮಾಝ್ ಮಾಡುತ್ತಿದ್ದರು. ಶುಕ್ರವಾರ ಬೆಳಿಗ್ಗೆಯೊಳಗೆ ಮುಗಿಸಬೇಕೆಂದು ಹೇಳಿದ್ದೆವು. ಮುಗಿದಿರಲಿಲ್ಲ. ಜುಮುಅಃಗೆ ಜನ ಬರುವ ಹೊತ್ತಿಗೆ ಅರ್ಧ ನೆಲ ಹಸಿಯಾಗಿಯೇ ಇತ್ತು. ನಾವು ಗದರಿದೆವು. ಸಾಮಗ್ರಿ ತಡವಾಗಿ ಬಂತೆಂದು ಅವರು ಸಮಾಧಾನದಿಂದಲೇ ಹೇಳಿದರು. ಅವರು ಹೇಳಿದ್ದು ನಿಜವೆಂದು ನಮಗೂ ಗೊತ್ತಿತ್ತು. ಆದರೂ ಉತ್ತರ ಕೊಟ್ಟರಲ್ಲ ಎಂಬ ಸಿಟ್ಟು. ಎಲ್ಲಿಂದ ನುಸುಳಿ ಬಂದವರೋ, ನಿಮ್ಮ ಜನರಿಗೆ ಕಾಗದವೂ ಇಲ್ಲ, ಮಾತಿಗೆ ಬೆಲೆಯೂ ಇಲ್ಲ ಎಂದುಬಿಟ್ಟೆವು. ಉರ್ದುವಿನಲ್ಲಿಯೇ ಹೇಳಿದೆವು, ಅವರಿಗೆ ಚೆನ್ನಾಗಿ ಅರ್ಥವಾಗುವಂತೆ. ಅಲ್ಲಿ ಇನ್ನೊಬ್ಬ ಅಧ್ಯಾಪಕರೂ ಏಳೆಂಟು ಮಕ್ಕಳೂ ಇದ್ದರು.

ಅವರು ಉತ್ತರಿಸಲಿಲ್ಲ. ಕೈ ತೊಳೆದುಕೊಂಡು, ಬಟ್ಟೆ ಬದಲಿಸಿ, ಜುಮುಅಃದಲ್ಲಿ ಕೊನೆಯ ಸಾಲಿನಲ್ಲಿ ನಿಂತರು. ಸಂಜೆಯ ಹೊತ್ತಿಗೆ ಉಳಿದ ನೆಲವನ್ನೂ ಮುಗಿಸಿದರು. ಮಾರನೆಯ ದಿನ ಬರಲಿಲ್ಲ.

ಬಂಗಾಳಿ ಮಾತನಾಡುವ ಬಡ ಮುಸ್ಲಿಮ್ ಕಾರ್ಮಿಕನಿಗೆ ಆ ಮಾತು ಎಂತಹುದೆಂದು ಓದುಗರಿಗೆ ವಿವರಿಸಬೇಕಿಲ್ಲ. ಬೀದಿಯಲ್ಲಿ, ರೈಲಿನಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ಪರರ ಬಾಯಿಂದ ಕೇಳಿ ಕೇಳಿ ಅವನು ಬಳಲಿರುತ್ತಾನೆ. ಆ ಮಾತು ತನ್ನ ಬೆನ್ನಟ್ಟಿ ಬರದ ಒಂದೇ ಜಾಗ ಮಸೀದಿ ಎಂದು ಅವನು ನಂಬಿರುತ್ತಾನೆ. ಅಲ್ಲಿಯೂ ನಾವು ಅದನ್ನು ಅವರಿಗಾಗಿ ಇಟ್ಟುಕೊಂಡು ಕಾದಿದ್ದಂತಾಯಿತು. ತೋನಿಯ ವಾಕ್ಯವನ್ನು ಕೇಳಿ ನಮ್ಮ ರಕ್ತ ಕುದಿದಿತ್ತು. ನಮ್ಮ ವಾಕ್ಯಕ್ಕೂ ಅದಕ್ಕೂ ಏನು ವ್ಯತ್ಯಾಸ?

ಅಬೂ ದರ್ರ್(ರ) ಒಮ್ಮೆ ಒಬ್ಬರ ತಾಯಿಯ ಮೂಲವನ್ನು ಎತ್ತಿ ಹಳಿದರು. ನಿಮ್ಮಲ್ಲಿ ಇನ್ನೂ ಅಜ್ಞಾನ ಕಾಲದ ಅಂಶ ಉಳಿದಿದೆ ಎಂಬರ್ಥದಲ್ಲಿ ಪ್ರವಾದಿ(ಸ)ರು ಅವರನ್ನು ಎಚ್ಚರಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಹಳಿಸಿಕೊಂಡವರು ಬಿಲಾಲ್(ರ) ಎಂದು ವಿದ್ವಾಂಸರು ಹೇಳುತ್ತಾರೆ. ಎಷ್ಟು ಶ್ರೇಷ್ಠ ಸಹಾಬಿ ಅಬೂ ದರ್ರ್! ಅವರಲ್ಲಿಯೇ ಅದು ಅಡಗಿದ್ದಾದರೆ ನಮ್ಮಂತಹವರು ಯಾವ ಲೆಕ್ಕ? ಇನ್ನು ದಿವಾಳಿಯಾದವನ ಹದೀಸ್ ನಮ್ಮ ಬಹುತೇಕ ಓದುಗರಿಗೆ ತಿಳಿದಿದೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದವನು, ಒಬ್ಬನನ್ನು ಬೈದದ್ದಕ್ಕೂ ಇನ್ನೊಬ್ಬನನ್ನು ಹೊಡೆದದ್ದಕ್ಕೂ ತನ್ನ ಪುಣ್ಯಗಳನ್ನೆಲ್ಲ ತೆತ್ತು ಬರಿಗೈಯಾಗುತ್ತಾನೆ. ಆ ಲೆಕ್ಕದಲ್ಲಿ ಬೈಗುಳ ಮೊದಲು ಬರುತ್ತದೆ, ಏಟು ನಂತರ.

ತೌಬಾದ ಷರತ್ತುಗಳನ್ನು ಇಮಾಮ್ ನವವಿ(ರಹ್) ಬಿಡಿಸಿ ಹೇಳಿದ್ದಾರೆ. ಪಾಪವನ್ನು ಬಿಡಬೇಕು, ಪಶ್ಚಾತ್ತಾಪ ಪಡಬೇಕು, ಮತ್ತೆಂದೂ ಮಾಡೆನೆಂದು ನಿರ್ಧರಿಸಬೇಕು. ಪಾಪವು ಮನುಷ್ಯನೊಬ್ಬನ ಹಕ್ಕಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯದೂ ಉಂಟು, ಅವನ ಹಕ್ಕನ್ನು ಅವನಿಗೆ ತೀರಿಸಬೇಕು. ನಾವು ಮೊದಲ ಮೂರನ್ನು ಮಾಡಿದ್ದೆವು. ತಹಜ್ಜುದ್‌ನಲ್ಲಿ ಅತ್ತದ್ದೂ ಉಂಟು. ಅಲ್ಲಾಹನ ಮುಂದೆ ಅಳುವುದು ನಮಗೆ ಸುಲಭವಾಗಿತ್ತು. ಒಬ್ಬ ಟೈಲ್ಸ್ ಮೇಸ್ತ್ರಿಯ ಮುಂದೆ ಬಾಯಿ ತೆರೆಯುವುದು ಕಷ್ಟವಾಗಿತ್ತು.

ಚಿತ್ರದ ಯಾಸಿರನಿಗೂ ಅದೇ ಕಷ್ಟ. ಆದರೆ ಅವನು ಕೊನೆಗೆ ಒಂದು ದಾರಿ ಹುಡುಕುತ್ತಾನೆ. ಅದಕ್ಕೂ ಮುನ್ನ ಒಂದು ಸಣ್ಣ ದೃಶ್ಯವಿದೆ. ಅಧ್ಯಕ್ಷರ ಅರಮನೆಯಿಂದ ಹೊರಬಂದಾಗ ಯಾಸಿರನ ಕಾರು ಚಾಲೂ ಆಗುವುದಿಲ್ಲ. ಮುಂದೆ ಹೋಗಿದ್ದ ತೋನಿ ಕಾರು ತಿರುಗಿಸಿ ಹಿಂದಿರುಗಿ, ಬಾನೆಟ್ ತೆರೆದು ಸರಿಪಡಿಸಿ ಹೋಗುತ್ತಾನೆ. ದೇಶದ ದೊರೆಯ ಮಾತಿಗೆ ಬಗ್ಗದವನು ಕೆಟ್ಟ ಇಂಜಿನ್ನಿನ ಸದ್ದಿಗೆ ಬಗ್ಗುತ್ತಾನೆ. ನಂತರ, ದಾಮೂರಿನ ಕಥೆ ಬಯಲಾದ ಮೇಲೆ, ಯಾಸಿರ್ ಒಂದು ರಾತ್ರಿ ಒಬ್ಬನೇ ತೋನಿಯ ಗ್ಯಾರೇಜಿಗೆ ಬರುತ್ತಾನೆ. ವಕೀಲರಿಲ್ಲ, ಕ್ಯಾಮೆರಾಗಳಿಲ್ಲ, ಕೂಗುವ ಜನರಿಲ್ಲ. ಬೇಕೆಂದೇ ಚುಚ್ಚು ಮಾತುಗಳನ್ನಾಡಿ ತೋನಿಯನ್ನು ಕೆರಳಿಸುತ್ತಾನೆ. ತೋನಿ ಗುದ್ದುತ್ತಾನೆ. ಏಟು ತಿಂದ ಯಾಸಿರ್ ಆಗ ಕ್ಷಮೆ ಕೇಳಿ ಹೊರಟುಹೋಗುತ್ತಾನೆ.

ಈ ದೃಶ್ಯ ನಮಗೆ ಬದ್ರ್‌ನ ದಿನವನ್ನು ನೆನಪಿಸಿತು. ಸಾಲುಗಳನ್ನು ನೇರಗೊಳಿಸುವಾಗ ಪ್ರವಾದಿ(ಸ)ರ ಕೈಯಲ್ಲಿದ್ದ ಬಾಣವು ಸವಾದ್(ರ) ಎಂಬ ಸಹಾಬಿಯ ಹೊಟ್ಟೆಗೆ ತಗುಲಿತು. ನೋವಾಯಿತು, ನನ್ನ ಪ್ರತೀಕಾರದ ಹಕ್ಕು ಕೊಡಿ ಎಂದು ಅವರು ಕೇಳಿದರು. ಸೈನ್ಯದ ನಾಯಕರು, ಅಲ್ಲಾಹನ ಸಂದೇಶವಾಹಕರು, ಯುದ್ಧದ ಹೊಸ್ತಿಲಿನಲ್ಲಿ ತಮ್ಮ ಬಟ್ಟೆ ಸರಿಸಿ ಹೊಟ್ಟೆಯನ್ನು ತೆರೆದು ನಿಂತರೆಂದು ಸೀರಃ ಗ್ರಂಥಗಳು ಹೇಳುತ್ತವೆ. ಸವಾದ್(ರ) ಅವರನ್ನು ತಬ್ಬಿ ಮುತ್ತಿಟ್ಟರು. ಯಾಸಿರನಿಗೂ ಆ ಮಹೋನ್ನತ ಸನ್ನಿವೇಶಕ್ಕೂ ಹೋಲಿಕೆ ಸಲ್ಲದು. ಆದರೆ ನೊಂದವನಿಗೆ ಅವನ ಹಕ್ಕನ್ನು ತಾನಾಗಿ ಕೈಗಿಡುವುದೇ ಕ್ಷಮೆಯಾಚನೆಯ ತಿರುಳು ಎಂಬುದನ್ನು ಎರಡೂ ಕಲಿಸುತ್ತವೆ. 'ಯಾರಿಗಾದರೂ ಬೇಸರವಾಗಿದ್ದರೆ ಮಾಫ್ ಮಾಡಿ' ಎಂದು ರಮಝಾನಿನಲ್ಲಿ ಎಲ್ಲರಿಗೂ ಒಂದೇ ಸಂದೇಶ ಕಳುಹಿಸಿ ಹಗುರಾಗುವ ನಾವು ಇದನ್ನು ಯೋಚಿಸಬೇಕು.

ಚಿತ್ರದಲ್ಲಿ ತೀರ್ಪು ಬರುತ್ತದೆ. ಮೂವರು ನ್ಯಾಯಾಧೀಶರಲ್ಲಿ ಇಬ್ಬರ ಅಭಿಪ್ರಾಯದಂತೆ ಯಾಸಿರ್ ಖುಲಾಸೆಯಾಗುತ್ತಾನೆ. ಆದರೆ ಆ ಹೊತ್ತಿಗೆ ಇಬ್ಬರಿಗೂ ತೀರ್ಪಿನ ಅಗತ್ಯ ಉಳಿದಿರುವುದಿಲ್ಲ. ನ್ಯಾಯಾಲಯದ ಹೊರಗೆ ದೂರದಿಂದಲೇ ಒಬ್ಬರನ್ನೊಬ್ಬರು ನೋಡಿ ಹೋಗುತ್ತಾರೆ. ನ್ಯಾಯಾಲಯ ಅಪರಾಧವನ್ನು ನಿರ್ಣಯಿಸಬಲ್ಲದು. ಕ್ಷಮೆಯನ್ನು ಅದು ಕೊಡಿಸಲಾರದು. ಅದು ಇಬ್ಬರ ನಡುವೆ ಮಾತ್ರ ಹುಟ್ಟುತ್ತದೆ. ಮೂರನೆಯವನ ಕೂಗು ಸೇರುವ ಮುನ್ನವೇ ಹುಟ್ಟಿದರೆ ಇನ್ನೂ ಒಳ್ಳೆಯದು. ಮುರೈಸೀಯಲ್ಲಿ ನಡೆದದ್ದೂ ಅದೇ. ಇಬ್ಬರ ಜಗಳ ಕೇಳಿದ ಅಬ್ದುಲ್ಲಾಹ್ ಬಿನ್ ಉಬಯ್ಯ್, ಮದೀನಾಕ್ಕೆ ಮರಳಿದ ಮೇಲೆ ಗೌರವಾನ್ವಿತರು ನೀಚರನ್ನು ಹೊರಗಟ್ಟುವರೆಂದು ಹೇಳಿ ಬೆಂಕಿಗೆ ತುಪ್ಪ ಸುರಿದ. ಸೂರಃ ಅಲ್-ಮುನಾಫಿಕೂನ್ ಅದನ್ನು ದಾಖಲಿಸಿದೆ. ಪ್ರವಾದಿವರ್ಯರು(ಸ) ಅವನನ್ನು ಕೊಲ್ಲಲು ಒಪ್ಪಲಿಲ್ಲ. ಹೊರಡುವ ಹೊತ್ತಲ್ಲದ ಹೊತ್ತಿನಲ್ಲಿ ಸೈನ್ಯವನ್ನು ಹೊರಡಿಸಿ ಹಗಲೂ ರಾತ್ರಿಯೂ ನಡೆಸಿದರು. ಕೊನೆಗೆ ತಂಗಿದಾಗ ಜನರು ನೆಲ ಸೋಕುತ್ತಲೇ ನಿದ್ದೆಹೋದರು. ಮಾತು ಬೆಳೆಸಲು ಯಾರಿಗೂ ಶಕ್ತಿ ಉಳಿಯಲಿಲ್ಲ. ಇಂದು ನಮ್ಮ ಜೇಬಿನಲ್ಲಿರುವ ಫೋನು ಆ ನಡಿಗೆಯ ವಿರುದ್ಧದ ಕೆಲಸ ಮಾಡುತ್ತದೆ. ಮಲಗಬೇಕಾದ ಜಗಳವನ್ನು ರಾತ್ರಿಯೆಲ್ಲ ಎಚ್ಚರವಾಗಿಡುತ್ತದೆ.

ಗುತ್ತಿಗೆದಾರರಿಂದ ಆ ಮೇಸ್ತ್ರಿಯ ಸಂಖ್ಯೆ ಪಡೆಯಲು ಕೆಲವು ದಿನಗಳು ಹಿಡಿದವು. ಅವರು ಈಗ ಬೇರೊಂದು ರಾಜ್ಯದಲ್ಲಿ ಕೆಲಸದಲ್ಲಿದ್ದರು. ಹೆಸರು ಹೇಳಿದ ಕೂಡಲೇ ಗುರುತಿಸಿದರು. ನಾವು ಸಿದ್ಧಪಡಿಸಿಕೊಂಡ ಮಾತುಗಳೆಲ್ಲ ಮರೆತುಹೋದವು. ಆ ದಿನ ನಾವು ಆಡಿದ ಮಾತು ಸುಳ್ಳು, ಅನ್ಯಾಯ, ತಪ್ಪು ನಮ್ಮದು, ನೀವು ಏನು ಹೇಳಿದರೂ ಕೇಳಲು ಸಿದ್ಧ ಎಂದಷ್ಟೇ ಹೇಳಿದೆವು.

ಕೊಂಚ ಹೊತ್ತು ಮೌನವಿತ್ತು. ಹಿನ್ನೆಲೆಯಲ್ಲಿ ಕಲ್ಲು ಕೊಯ್ಯುವ ಯಂತ್ರದ ಸದ್ದು. ಬಳಿಕ ಅವರು ಕೇಳಿದರು, "ಮೌಲಾನಾ, ನೆಲದ ಇಳಿಜಾರು ಸರಿ ಬಂದಿದೆಯೇ? ಮೂಲೆಯಲ್ಲಿ ನೀರು ನಿಲ್ಲುತ್ತಿಲ್ಲವಲ್ಲ? ಆ ದಿನ ಕೊನೆಯಲ್ಲಿ ಅವಸರ ಮಾಡಿಬಿಟ್ಟೆ."

ನೀರು ನಿಲ್ಲುತ್ತಿಲ್ಲ ಎಂದೆವು. ಅದು ನಿಜ.

"ಅಲ್ಹಮ್ದುಲಿಲ್ಲಾಹ್" ಎಂದರು. ಮತ್ತೆ, "ಅಲ್ಲಾಹನು ನಿಮ್ಮನ್ನು ಕ್ಷಮಿಸಲಿ" ಎಂದರು. ಸಲಾಮ್ ಹೇಳಿ ಫೋನಿಟ್ಟರು.

ನಾನು ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಅದನ್ನು ಬಲವಂತದಿಂದ ಹೇಳಿಸುವ ಹಕ್ಕು ನಮಗಿಲ್ಲ. ಅವರು ಹೇಳಿದ್ದನ್ನು ದುಆ ಎಂದು ಸ್ವೀಕರಿಸಿದ್ದೇವೆ. ಹೇಳದೆ ಉಳಿಸಿದ್ದನ್ನು ಸಾಲವೆಂದು ಹೊತ್ತಿದ್ದೇವೆ. ಅವರ ಊರಿನ ಕಡೆ ಹೋಗುವ ಅವಕಾಶವನ್ನು ಅಲ್ಲಾಹನು ಒದಗಿಸಿದರೆ ಮುಖತಃ ಕಂಡು ಕೇಳಬೇಕೆಂದಿದ್ದೇವೆ.

ಆದರೆ ಅವಮಾನವನ್ನು ಹತ್ತು ಜನರೆದುರು ಮಾಡಿ ಕ್ಷಮೆಯನ್ನು ಫೋನಿನಲ್ಲಿ ಗುಟ್ಟಾಗಿ ಕೇಳಿದರೆ ಲೆಕ್ಕ ಸರಿಹೋಗದು. ಆದ್ದರಿಂದ ಮಾರನೆಯ ವಾರ ಸೂರಃ ಅಲ್-ಹುಜುರಾತ್‌ನ ಪಾಠದಲ್ಲಿ, ಒಂದು ಸಮೂಹವು ಇನ್ನೊಂದನ್ನು ಅಪಹಾಸ್ಯ ಮಾಡಬಾರದೆಂಬ ವಚನಕ್ಕೆ ಬಂದಾಗ, ಮಕ್ಕಳಿಗೆ ಆ ಶುಕ್ರವಾರವನ್ನು ನೆನಪಿಸಿದೆವು. ಆ ದಿನ ನಿಮ್ಮ ಅಧ್ಯಾಪಕರು ಮಾಡಿದ್ದು ಈ ವಚನ ತಡೆದ ಕೆಲಸವನ್ನೇ ಎಂದೆವು. ತರಗತಿ ಮೌನವಾಯಿತು. ಹಿಂದಿನ ಸಾಲಿನ ಒಬ್ಬ ಹುಡುಗ ಮೆಲ್ಲನೆ, "ನಾವೂ ಆಮೇಲೆ ಅವರನ್ನು ಹಾಗೆಯೇ ಕರೆದೆವು ಹಜರತ್" ಎಂದ.

ನಮ್ಮ ಮಾತು ಎಲ್ಲಿಯವರೆಗೆ ಹರಿದಿತ್ತೆಂದು ಅಂದೇ ನಮಗೆ ತಿಳಿದದ್ದು. ಮನೆಗಳಲ್ಲಿ ಹಿರಿಯರು ಆಡುವ ಒಂದು 'ಆ ಜನ', 'ಈ ಜನ' ಎಂಬ ಮಾತು ನೆಲದ ಇಳಿಜಾರಿನ ನೀರಿನಂತೆ ಹರಿದು ಮಕ್ಕಳ ಬಳಿಗೇ ಹೋಗಿ ನಿಲ್ಲುತ್ತದೆ. ಓದುಗರೇ, ನಿಮ್ಮ ಮನೆಯಲ್ಲಿ ಕೆಲಸ ಮಾಡಿ ಹೋದವರು, ನಿಮ್ಮ ಬೀದಿಯ ನೆರೆಯವರು, ನಿಮ್ಮದೇ ರಕ್ತಸಂಬಂಧಿಗಳು, ಇವರಲ್ಲಿ ಯಾರದಾದರೂ ಅಂತಹ ಒಂದು ಬಾಕಿ ನಿಮ್ಮಲ್ಲಿದ್ದರೆ ಇಂದೇ ಹೊರಡಿ. ನಾಳೆ ಅದು ಇಬ್ಬರ ವಿಷಯವಾಗಿ ಉಳಿದಿರಲಾರದು.

ಅಲ್ಲಾಹನು ನಮ್ಮ ನಾಲಿಗೆಗಳನ್ನು ಅಜ್ಞಾನದ ಕೂಗಿನಿಂದ ಕಾಪಾಡಲಿ. ನಾವು ನೋಯಿಸಿದವರ ಮನಸ್ಸುಗಳನ್ನು ನಮ್ಮ ಮರಣಕ್ಕೆ ಮುನ್ನ ನಮ್ಮ ಕಡೆಗೆ ತಿರುಗಿಸಲಿ. ಆಮೀನ್.